ಅಧಿಕಾರಕ್ಕೆ ಬಂದದ್ದೇಕೆ, ಬಿಡಲು ಹೊರಟದ್ದೇಕೆ? ಥಾಮಸ್ ಮನ್ರೋನ ಜೀವನ, ಒಂದು ಪಾಠದ ನೆಪದಲ್ಲಿ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ವೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಿತ್ತೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬಳು ಹತ್ತನೆಯ ತರಗತಿಗೆ ರೈತವಾರಿ ಪದ್ಧತಿಯ ಪಾಠ ಮಾಡುತ್ತಿದ್ದಳು. ಪಾಠಯೋಜನೆ ಅಚ್ಚುಕಟ್ಟಾಗಿತ್ತು. ಕಪ್ಪುಹಲಗೆಯ ಮೇಲೆ ಥಾಮಸ್ ಮನ್ರೋನ ಹೆಸರು ಬರೆದು, ಅವನು ರೈತರ ಹಿತ ಬಯಸಿದ ಅಧಿಕಾರಿ ಎಂದು ಹೇಳಿ ಮುಂದಿನ ಹಂತಕ್ಕೆ ಹೋಗುವುದರಲ್ಲಿದ್ದಳು. ಅಷ್ಟರಲ್ಲಿ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ಅಷ್ಟು ಒಳ್ಳೆಯವನಾಗಿದ್ದರೆ ತನ್ನ ಊರು ಬಿಟ್ಟು ನಮ್ಮ ಸೀಮೆಗೆ ತೋಪು ಹೊತ್ತುಕೊಂಡು ಯಾಕೆ ಬಂದ, ಬಂದವನು ಮತ್ತೆ ಯಾಕೆ ಹೋದ ಎಂದು ಕೇಳಿದಳು.

ಪ್ರಶಿಕ್ಷಣಾರ್ಥಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನ್ನ ಕಡೆ ನೋಡಿದಳು. ನಾನು ವೀಕ್ಷಣಾ ಪುಸ್ತಕದ ಕಡೆ ನೋಡಿದೆ. ಆ ಪ್ರಶ್ನೆಯನ್ನು ಮುಂದಿನ ತರಗತಿಯಲ್ಲಿ ಚರ್ಚಿಸೋಣ ಎಂದು ಹೇಳಿ ಅವಳು ಪಾಠ ಮುಗಿಸಿದಳು. ತರಗತಿ ನಿರ್ವಹಣೆ ಉತ್ತಮ ಎಂದು ಬರೆದು ನಾನು ಸಹಿ ಹಾಕಿದೆ. ಬಸ್ಸಿನಲ್ಲಿ ಮರಳುವಾಗ ಆ ಸಹಿ ನನ್ನನ್ನು ಚುಚ್ಚತೊಡಗಿತು. ಇಪ್ಪತ್ತು ವರ್ಷ ಇತಿಹಾಸ ಬೋಧನಾ ವಿಧಾನ ಹೇಳಿಕೊಟ್ಟ ನನಗೇ ಉತ್ತರ ಗೊತ್ತಿರಲಿಲ್ಲ. ರಜೆಯಲ್ಲಿ ಕುಳಿತು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಸಾಲದ ಮನೆಯ ಹುಡುಗ

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಂದೆ ಅಲೆಕ್ಸಾಂಡರ್ ಅಮೆರಿಕದ ವರ್ಜೀನಿಯಾದೊಂದಿಗೆ ತಂಬಾಕಿನ ವ್ಯಾಪಾರ ಮಾಡುತ್ತಿದ್ದ. ಹುಡುಗ ಊರಿನ ಶಾಲೆಯಲ್ಲಿ ಓದಿ, ಹದಿಮೂರನೆಯ ವಯಸ್ಸಿಗೆ ವಿಶ್ವವಿದ್ಯಾಲಯ ಸೇರಿದ. ಚಿಕ್ಕಂದಿನಲ್ಲಿ ಬಂದ ದಡಾರದಿಂದ ಕಿವಿ ಮಂದವಾಗಿತ್ತು, ಅದು ಕೊನೆಯವರೆಗೂ ಹಾಗೆಯೇ ಉಳಿಯಿತು. ಓದಿನ ಹುಚ್ಚು ಎಷ್ಟಿತ್ತೆಂದರೆ ಡಾನ್ ಕ್ವಿಕ್ಸಾಟ್ ಕಾದಂಬರಿಯನ್ನು ಮೂಲದಲ್ಲಿ ಓದಬೇಕೆಂದು ಸ್ಪ್ಯಾನಿಷ್ ಕಲಿತ.

1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಆ ವ್ಯಾಪಾರವನ್ನು ನುಂಗಿಹಾಕಿತು. ಅಪ್ಪ ದಿವಾಳಿಯಾದ. ಮನೆಗೆ ಇನ್ನೊಂದು ದಾರಿ ಉಳಿದಿರಲಿಲ್ಲ. ಮಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಕೆಡೆಟ್ ಆಗಿ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದ. ಆಗ ಅವನಿಗೆ ಹದಿನೆಂಟು ವರ್ಷ. ಹುಡುಗಿಯ ಪ್ರಶ್ನೆಯ ಮೊದಲ ಭಾಗಕ್ಕೆ ಮೊದಲ ಉತ್ತರ ಇಲ್ಲಿದೆ: ಅವನು ಹೊರಟದ್ದು ಹೊಟ್ಟೆಪಾಡಿಗೆ. ಆರಂಭದ ವರ್ಷಗಳ ಅಲ್ಪ ಸಂಬಳದಲ್ಲೂ ಉಳಿಸಿ ಮನೆಗೆ ಹಣ ಕಳಿಸುತ್ತಿದ್ದ. ನಮ್ಮ ಸೀಮೆಯಿಂದ ದುಡಿಯಲು ಗೋವಾಕ್ಕೆ, ಪುಣೆಗೆ ಹೋಗುವ ಹುಡುಗರ ಕಥೆ ಬಲ್ಲ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಅವನು ಸೇರಿದ್ದು ಮಾತ್ರ ಬೇರೆಯವರ ನಾಡನ್ನು ಗೆಲ್ಲುವ ಸೈನ್ಯವನ್ನು ಎಂಬ ವ್ಯತ್ಯಾಸವನ್ನೂ ಜೊತೆಗೇ ಹೇಳಬೇಕು.

ಬಂದ ವರ್ಷವೇ ಹೈದರಾಲಿಯೊಡನೆ ಯುದ್ಧ ಶುರುವಾಯಿತು. ಟಿಪ್ಪುವಿನೊಡನೆ 1792ರಲ್ಲಿ ಒಪ್ಪಂದವಾಗಿ ಬಾರಾಮಹಲ್ ಪ್ರಾಂತ ಕಂಪನಿಗೆ ಸೇರಿದಾಗ, ಅಲೆಕ್ಸಾಂಡರ್ ರೀಡ್‌ನ ಕೈಕೆಳಗೆ ಕಂದಾಯದ ಕೆಲಸಕ್ಕೆ ಮನ್ರೋನನ್ನು ಹಾಕಿದರು. ಅಲ್ಲಿ ಏಳು ವರ್ಷ ಹೊಲದಿಂದ ಹೊಲಕ್ಕೆ ತಿರುಗಿದ. ಜಮೀನ್ದಾರನ ನಡುಗೈ ಇಲ್ಲದೆ ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ಪದ್ಧತಿ ರೂಪುಗೊಂಡದ್ದು ಆ ತಿರುಗಾಟದಲ್ಲಿ.

ಕೆನರಾದಿಂದ ಬಳ್ಳಾರಿಗೆ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನನ್ನು ಕೆನರಾ ಜಿಲ್ಲೆಯ ಕಲೆಕ್ಟರನಾಗಿ ಕಳಿಸಿದರು. ಆ ಕರಾವಳಿಯ ಮಳೆಯೂ ಕೆಲಸವೂ ಅವನಿಗೆ ಹಿಡಿಸಲಿಲ್ಲ. ವರ್ಗಾವಣೆ ಕೇಳಿದ. ನಮ್ಮಲ್ಲಿ ಎಷ್ಟೋ ಶಿಕ್ಷಕರು ಮಾಡುವ ಕೆಲಸವನ್ನೇ ಅವನೂ ಮಾಡಿದ. 1800ರಲ್ಲಿ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಅಲ್ಲಿಗೆ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದ. ಡೇರೆಯಲ್ಲಿ ವಾಸ, ಕುದುರೆಯ ಮೇಲೆ ಸಂಚಾರ. ಮಂತ್ರಾಲಯದ ಮಠದ ಇನಾಮು ಜಮೀನಿನ ವಿಚಾರಣೆಗೆ ಹೋದಾಗ ಅವನಿಗೆ ರಾಘವೇಂದ್ರ ಸ್ವಾಮಿಗಳ ದರ್ಶನವಾಯಿತೆಂದು ಭಕ್ತರು ಹೇಳುವ ಕಥೆ ಈ ಕಾಲದ್ದು. ನಮ್ಮ ಮನೆಗಳಲ್ಲಿ ಮನ್ರೋ ಸಾಹೇಬನ ಹೆಸರು ಉಳಿದಿರುವುದು ಬಹುಮಟ್ಟಿಗೆ ಆ ಕಥೆಯಿಂದ. ಪಾಠದಲ್ಲಿ ಅದನ್ನು ಜನರ ನಂಬಿಕೆ ಎಂದು ಹೇಳಬಹುದು, ದಾಖಲೆಯ ಘಟನೆಗಳೊಂದಿಗೆ ಬೆರೆಸಬಾರದು.

ಇಲ್ಲಿ ಇನ್ನೊಂದು ಮುಖವೂ ಇದೆ. ಆ ಸೀಮೆಯಲ್ಲಿ ಸುಮಾರು 80 ಪಾಳೆಯಗಾರರಿದ್ದರು. ಮನ್ರೋ ಅವರಲ್ಲಿ ಅನೇಕರನ್ನು ಒಕ್ಕಲೆಬ್ಬಿಸಿದ. ಅವನ ಬಿಗುವನ್ನು ಕಂಪನಿಯ ನಿರ್ದೇಶಕರೇ ಆಕ್ಷೇಪಿಸಿದರು. ಕಂದಾಯವೂ ಭಾರವಾಗಿತ್ತು. 1807ರಲ್ಲಿ ಹೊರಡುವ ಮುಂಚೆ ಅವನೇ ವರದಿ ಬರೆದು, ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಬೇಕೆಂದು ಶಿಫಾರಸು ಮಾಡಿದ. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕಡಿತ ಜಾರಿಗೆ ಬಂದದ್ದು ಹದಿಮೂರು ವರ್ಷಗಳ ನಂತರ, ಅವನೇ ಗವರ್ನರ್ ಆದ ಮೇಲೆ. ಕುರ್ಚಿ ಬಯಸಲು ಅವನಿಗೆ ಸ್ವಂತ ಕಾರಣಗಳಿದ್ದವು. ಅವುಗಳ ಜೊತೆ ಕಾಗದದಲ್ಲಿ ಕೊಳೆಯುತ್ತಿದ್ದ ಇಂಥ ಒಂದು ಕಾರಣವೂ ಇತ್ತೆಂದು ನಾನು ತಿಳಿಯುತ್ತೇನೆ.

27 ವರ್ಷಗಳ ಬಳಿಕ ಊರಿಗೆ ಮರಳಿದ. 1813ರಲ್ಲಿ ಕಂಪನಿಯ ಸನ್ನದು ನವೀಕರಣವಾಗುವ ಮುನ್ನ ಪಾರ್ಲಿಮೆಂಟ್ ಅವನ ಸಾಕ್ಷ್ಯ ಪಡೆಯಿತು. 1814ರಲ್ಲಿ ಜೇನ್ ಕ್ಯಾಂಪ್‌ಬೆಲ್‌ಳನ್ನು ಮದುವೆಯಾಗಿ, ಅದೇ ವರ್ಷ ನ್ಯಾಯಾಡಳಿತ ಸುಧಾರಣೆಯ ಆಯೋಗದ ಮುಖ್ಯಸ್ಥನಾಗಿ ಮದ್ರಾಸಿಗೆ ವಾಪಸಾದ.

ನಮ್ಮ ಸೀಮೆಯಲ್ಲಿ

1817ರಲ್ಲಿ ಪೇಶ್ವೆಯಿಂದ ಕಂಪನಿಗೆ ಬಂದ ಪ್ರದೇಶಗಳನ್ನು ವಹಿಸಿಕೊಳ್ಳಲು ಮನ್ರೋ ಧಾರವಾಡಕ್ಕೆ ಬಂದ. ಮರಾಠಾ ಯುದ್ಧ ಶುರುವಾಯಿತು. ತನಗಿಂತ ಕಿರಿಯರು ದೊಡ್ಡ ದಂಡುಗಳ ಮುಂದೆ ನಿಂತಿರುವಾಗ ತಾನು ಕಾಗದಪತ್ರ ನೋಡುತ್ತ ಕೂರುವುದೇ ಎಂಬ ಕೊರಗು ಅವನನ್ನು ಕಾಡಿತು. 56 ವರ್ಷದವನು ಸೇನಾಧಿಪತ್ಯ ಕೇಳಿ ಪಡೆದ. ಈ ಬಾರಿ ಹೊಟ್ಟೆಪಾಡಿನ ಪ್ರಶ್ನೆ ಇರಲಿಲ್ಲ. ಮಾನದ ಪ್ರಶ್ನೆ ಇತ್ತು.

ಕೈಯಲ್ಲಿದ್ದ ಕಾಯಂ ಸೈನ್ಯ ಬಹಳ ಚಿಕ್ಕದು. ಊರೂರಿನ ಜನರನ್ನೇ ಕೂಲಿಗೆ ಸೇರಿಸಿ ಪಡೆ ಕಟ್ಟಿದ. ಇನ್ನೂ ಗೆಲ್ಲದ ನವಲಗುಂದದಂಥ ಕಡೆಗೂ ಮೊದಲೇ ಅಮಲ್ದಾರನನ್ನು ನೇಮಿಸಿ ಕಂದಾಯ ಎತ್ತಿಸಿದ. 1818ರ ಜನವರಿಯಲ್ಲಿ ಗದಗ, ಫೆಬ್ರವರಿಯಲ್ಲಿ ಬಾದಾಮಿ, ಬಾಗಲಕೋಟೆ. ಮಾರ್ಚ್ 20ರ ಹೊತ್ತಿಗೆ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದ. ಏಪ್ರಿಲ್ 10ರಂದು ಕೋಟೆ ಶರಣಾಯಿತು. ಆ ಮುತ್ತಿಗೆಯಲ್ಲಿ ಅವನಿಗೆ ನೆರವಾದವರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜನೂ ಒಬ್ಬ. ಅದಕ್ಕೆ ಪ್ರತಿಯಾಗಿ, ವರ್ಷಕ್ಕೆ 1,75,000 ರೂಪಾಯಿ ಕಪ್ಪದ ಮೇಲೆ ಸಂಸ್ಥಾನವನ್ನು ದೇಸಾಯಿಗೇ ಉಳಿಸಲಾಯಿತು.

ಅದೇ ವರ್ಷ ಆಗಸ್ಟಿನಲ್ಲಿ ಮನ್ರೋ ರಾಜೀನಾಮೆ ಕೊಟ್ಟ. ಕಣ್ಣು ಕೆಟ್ಟಿತ್ತು, ಮೈ ಸೋತಿತ್ತು. ಬಳ್ಳಾರಿಯಲ್ಲಿ ತನ್ನ ಕೈಕೆಳಗೆ ಪಳಗಿದ ವಿಲಿಯಂ ಚಾಪ್ಲಿನ್‌ಗೆ ಈ ಸೀಮೆಯ ಕೆಲಸ ಒಪ್ಪಿಸಿ ಹೊರಟ. 1819ರಲ್ಲಿ ಹಡಗಿನಲ್ಲೇ ಅವನ ಮೊದಲ ಮಗ ಹುಟ್ಟಿದ. ಇನ್ನು ಈ ಕಡೆ ಬರುವುದಿಲ್ಲ ಎಂದುಕೊಂಡಿದ್ದರೂ ಹೇಳಿಕಳಿಸಿದವರು ಬಂದರು. ಲಂಡನ್ನಿನಲ್ಲಿ ಭಾರತದ ವ್ಯವಹಾರ ನೋಡುತ್ತಿದ್ದ ಸಚಿವ ಜಾರ್ಜ್ ಕ್ಯಾನಿಂಗ್ ಮದ್ರಾಸಿನ ಗವರ್ನರ್ ಹುದ್ದೆಗೆ ಅವನನ್ನು ಬಯಸಿದ್ದ. 1820ರ ಜೂನ್ 10ರಂದು ಮನ್ರೋ ಅಧಿಕಾರ ವಹಿಸಿಕೊಂಡ.

ಒಂದು ಕಾಲರೇಖೆ

ಇಲ್ಲಿಂದ ಮುಂದೆ ನಾನು ಎರಡು ಗೆರೆಗಳ ಕಾಲರೇಖೆ ಹಾಕಿಕೊಂಡೆ. ಮೇಲಿನ ಗೆರೆ ಮದ್ರಾಸಿನದು, ಕೆಳಗಿನದು ಕಿತ್ತೂರಿನದು.

1823ರಲ್ಲಿ ಮನ್ರೋ ತನ್ನನ್ನು ಬಿಡುಗಡೆ ಮಾಡಬೇಕೆಂದು ಲಂಡನ್ನಿಗೆ ಬರೆದ. 1824ರಲ್ಲಿ ಬರ್ಮಾ ಯುದ್ಧ ಶುರುವಾದ ಕಾರಣ, ನಡುವೆ ಕೈಬಿಡುವುದು ಸರಿಯಲ್ಲವೆಂದು ಉಳಿದ. ಅದೇ 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಈ ಸೀಮೆ ಆಗ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ನ ಆಡಳಿತದಲ್ಲಿತ್ತು, ಮದ್ರಾಸಿನದಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತ. ಚಾಪ್ಲಿನ್ ದಂಡು ತಂದ. ಡಿಸೆಂಬರ್ 5ರಂದು ಕೋಟೆ ಬಿತ್ತು. ಆ ಕಾಳಗದಲ್ಲಿ ಸತ್ತ ಬ್ರಿಟಿಷರಲ್ಲಿ ಸೊಲ್ಲಾಪುರದ ಸಬ್‌ಕಲೆಕ್ಟರ್ ಮನ್ರೋ ಒಬ್ಬ. ಅವನು ಗವರ್ನರ್ ಮನ್ರೋನ ಅಣ್ಣತಮ್ಮಂದಿರ ಪೈಕಿ ಒಬ್ಬರ ಮಗ. ರಾಣಿ ಚೆನ್ನಮ್ಮನವರನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. 1829ರ ಫೆಬ್ರವರಿ 2ರಂದು ಅವರು ಅಲ್ಲಿಯೇ ತೀರಿಕೊಂಡರು.

ಕಿತ್ತೂರು ಬಿದ್ದು ನಾಲ್ಕು ವಾರವೂ ಆಗಿರಲಿಲ್ಲ. 1824ರ ಡಿಸೆಂಬರ್ 31ರಂದು ಮನ್ರೋ ಮದ್ರಾಸಿನಲ್ಲಿ ಒಂದು ದೀರ್ಘ ಟಿಪ್ಪಣಿಗೆ ಸಹಿ ಹಾಕಿದ. ದೇಶದ ಜನರನ್ನು ಎಲ್ಲ ಉನ್ನತ ಹುದ್ದೆಗಳಿಂದ ಹೊರಗಿಟ್ಟು ಅವರ ಶೀಲ ಬೆಳೆಯಬೇಕೆಂದರೆ ಆಗದ ಮಾತು, ಅಧಿಕಾರ ಕೊಡದವರಿಂದ ಯೋಗ್ಯತೆ ಕೇಳುವುದು ನ್ಯಾಯವಲ್ಲ ಎಂಬುದು ಅದರ ಸಾರ. ಜನ ತಮ್ಮ ಆಡಳಿತ ತಾವೇ ನಡೆಸಲು ಶಕ್ತರಾದ ದಿನ ಬ್ರಿಟಿಷರು ಹಂತಹಂತವಾಗಿ ಹಿಂದೆ ಸರಿಯಬೇಕೆಂಬ ಮಾತೂ ಅದರಲ್ಲಿದೆ. ಆ ಟಿಪ್ಪಣಿ ಕಿತ್ತೂರನ್ನು ಕುರಿತದ್ದಲ್ಲ. ಎರಡು ದಿನಾಂಕ ಹತ್ತಿರವಿವೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ನಾವು ಹೇಳುವಂತಿಲ್ಲ. ಆದರೆ ಅಂಥ ಮಾತು ಬರೆಯಬಲ್ಲವನ ಶಿಷ್ಯನೇ ಕಿತ್ತೂರಿಗೆ ದಂಡು ತಂದ ಎಂಬುದನ್ನು ಮಕ್ಕಳ ಮುಂದೆ ಇಡದೆ ಇರುವಂತಿಲ್ಲ. ಅಂಥ ಮಾತು ಕಾಗದದ ಮೇಲಿದ್ದರೂ ನಡೆ ಬದಲಾಗಲಿಲ್ಲ. 1858ರಲ್ಲಿ ಅದೇ ದತ್ತಕದ ನಿರಾಕರಣೆಯಿಂದ ನೊಂದ ನರಗುಂದದ ಬಾಬಾಸಾಹೇಬ ದಂಗೆ ಎದ್ದಾಗ, ರಾಮದುರ್ಗದ ಬಳಿಯ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ.

ಶಾಲೆಗಳ ಎಣಿಕೆ

ಶಿಕ್ಷಕರಾಗುವವರು ಮನ್ರೋನ ಜೀವನದಲ್ಲಿ ಬಿಡಬಾರದ ಅಧ್ಯಾಯ ಇದು. 1822ರಲ್ಲಿ ಅವನು ಮದ್ರಾಸ್ ಪ್ರಾಂತದ ಎಲ್ಲ ಕಲೆಕ್ಟರರಿಗೂ ತಮ್ಮ ಜಿಲ್ಲೆಯ ಊರುಶಾಲೆಗಳ ಲೆಕ್ಕ ಕಳಿಸಲು ಆದೇಶಿಸಿದ. ಒಟ್ಟು 12,498 ಶಾಲೆಗಳು, 1,88,650 ಮಕ್ಕಳು. ಸುಮಾರು ಸಾವಿರ ಜನಕ್ಕೊಂದು ಶಾಲೆ. ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, ಅವುಗಳಲ್ಲಿ 235 ಕನ್ನಡ ಶಾಲೆಗಳು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನೂ, ಮುಂದಿದ್ದವರು ಹಿಂದಿದ್ದವರಿಗೆ ಹೇಳಿಕೊಡುವುದನ್ನೂ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಮೆಚ್ಚಿ ಬರೆದ. ಜೊತೆಗೆ ಇನ್ನೊಂದು ಮಾತನ್ನೂ ಬರೆದ: ನಾಡು ಬಡವಾಗುತ್ತಿದೆ, ಆದ್ದರಿಂದ ಶಾಲೆಗಳು ಕ್ಷೀಣಿಸುತ್ತಿವೆ. ಬಳ್ಳಾರಿ ಮನ್ರೋ ತಾನೇ ಏಳು ವರ್ಷ ಕಂದಾಯ ಎತ್ತಿಸಿದ ಜಿಲ್ಲೆ. ಅವನ ಆದೇಶದ ಮೇಲೆಯೇ ಬಂದ ವರದಿ ಅವನ ಆಡಳಿತದ ಕಡೆಗೂ ಬೆರಳು ತೋರಿಸಿತು.

1826ರ ಮಾರ್ಚ್ 10ರ ಟಿಪ್ಪಣಿಯಲ್ಲಿ ಮನ್ರೋ ಯೋಜನೆ ಮುಂದಿಟ್ಟ. ಪ್ರತಿ ಜಿಲ್ಲೆಗೆ ಎರಡು ದೊಡ್ಡ ಶಾಲೆ, ಪ್ರತಿ ತಹಶೀಲಿಗೆ ಒಂದು ಶಾಲೆ, ಇವುಗಳಿಗೆ ಶಿಕ್ಷಕರನ್ನು ತಯಾರು ಮಾಡಲು ಮದ್ರಾಸಿನಲ್ಲಿ ಒಂದು ಶಾಲೆ. ಜಿಲ್ಲಾ ಶಾಲೆಯ ಶಿಕ್ಷಕರಿಗೆ ತಿಂಗಳಿಗೆ 15 ರೂಪಾಯಿ, ತಹಶೀಲು ಶಾಲೆಯವರಿಗೆ 9 ರೂಪಾಯಿ. ಶಿಕ್ಷಕರನ್ನು ಮೊದಲು ತರಬೇತುಗೊಳಿಸಬೇಕು, ಆಮೇಲೆ ಶಾಲೆ ತೆರೆಯಬೇಕು ಎಂಬ ಕ್ರಮವನ್ನು ಸರಕಾರಿ ಕಾಗದದಲ್ಲಿ ಅಷ್ಟು ಮುಂಚೆ ಕಂಡಾಗ ನಮ್ಮ ಕಸುಬಿನ ಹಳೆಯ ಬೇರನ್ನು ಮುಟ್ಟಿದಂತಾಯಿತು. ಯೋಜನೆ ಬಾಳಲಿಲ್ಲ. ಅವನ ನಂತರ ಅದನ್ನು ನೀರೆರೆದು ನೋಡಿಕೊಂಡವರಿಲ್ಲದೆ, 1830ರ ದಶಕದಲ್ಲಿ ಆ ಶಾಲೆಗಳನ್ನು ಮುಚ್ಚಿದರು.

ಬಿಡುಗಡೆಗೆ ಕಾದವನು

ಆ ಟಿಪ್ಪಣಿ ಬರೆದ ತಿಂಗಳಿನಲ್ಲೇ ಅವನ ಮನೆ ಖಾಲಿಯಾಯಿತು. ಕಿರಿಯ ಮಗನ ಆರೋಗ್ಯ ಕೆಟ್ಟು, ಜೇನ್ ಆ ಮಗುವನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದಳು. 1823ರಲ್ಲಿ ಮೊದಲ ಬಾರಿ ಕೇಳಿದ್ದ ಬಿಡುಗಡೆ ಇನ್ನೂ ಬಂದಿರಲಿಲ್ಲ. ಕೊನೆಗೂ ಲಷಿಂಗ್‌ಟನ್‌ನನ್ನು ಉತ್ತರಾಧಿಕಾರಿಯನ್ನಾಗಿ ನೇಮಿಸಿದರು. ಹೊಸಬ ಬರುವವರೆಗೆ ಇದ್ದ ಸಮಯದಲ್ಲಿ, ತಾನು ಬಹಳ ಮೆಚ್ಚಿದ್ದ ಬಳ್ಳಾರಿ, ಕಡಪ ಕಡೆಯ ಸೀಮೆಯನ್ನು ಒಮ್ಮೆ ನೋಡಿ ಬರೋಣವೆಂದು 1827ರ ಬೇಸಗೆಯಲ್ಲಿ ಹೊರಟ. ದಾರಿಯಲ್ಲಿ ಕಾಲರಾ ಹಬ್ಬಿತ್ತು. ಜುಲೈ 6ರಂದು ಪತ್ತಿಕೊಂಡದಲ್ಲಿ ಒಂದೇ ದಿನದ ಕಾಯಿಲೆಗೆ ತೀರಿಕೊಂಡ. ಗುತ್ತಿಯಲ್ಲಿ ಮಣ್ಣು ಮಾಡಿ, ಮುಂದೆ ಮದ್ರಾಸಿನ ಇಗರ್ಜಿಗೆ ಒಯ್ದರು. 66 ವರ್ಷ ಬದುಕಿದವನು ತನ್ನ ಊರಿನಲ್ಲಿ ಕಳೆದದ್ದು ಬಾಲ್ಯದ ಜೊತೆಗೆ ಏಳೆಂಟು ವರ್ಷ ಮಾತ್ರ.

ಅವನ ಇಬ್ಬರು ಸ್ನೇಹಿತರನ್ನು ಪಕ್ಕದಲ್ಲಿಟ್ಟು ನೋಡಿದರೆ ಹುಡುಗಿಯ ಪ್ರಶ್ನೆ ಇನ್ನಷ್ಟು ತಿಳಿಯಾಗುತ್ತದೆ. ಜಾನ್ ಮಾಲ್ಕಮ್ 1819ರಲ್ಲೇ ಮುಂಬಯಿಯ ಕುರ್ಚಿ ತನ್ನದಾಗಬೇಕೆಂದು ಬಯಸಿದ. ಅದು ಎಲ್ಫಿನ್‌ಸ್ಟನ್‌ಗೆ ಸಿಕ್ಕಿತೆಂದು ನೊಂದುಕೊಂಡ. 1827ರಲ್ಲಿ ಅದನ್ನು ಪಡೆದ, 1830ರಲ್ಲಿ ಬಿಟ್ಟು ಹೋಗಿ ಪಾರ್ಲಿಮೆಂಟ್ ಸದಸ್ಯನಾದ. ಸಂಗೊಳ್ಳಿ ರಾಯಣ್ಣನ ದಂಗೆ ನಡೆದದ್ದು ಅವನು ಗವರ್ನರ್ ಆಗಿದ್ದಾಗಲೇ. ಎಲ್ಫಿನ್‌ಸ್ಟನ್ ಎಂಟು ವರ್ಷ ಮುಂಬಯಿ ಆಳಿ ಊರಿಗೆ ಹೋದ. ಗವರ್ನರ್ ಜನರಲ್ ಹುದ್ದೆಯನ್ನು ಎರಡು ಬಾರಿ ಬೇಡವೆಂದು, ಭಾರತದ ಇತಿಹಾಸ ಬರೆಯುತ್ತ ಕುಳಿತ. ಆ ಗ್ರಂಥ 1841ರಲ್ಲಿ ಹೊರಬಂತು. ಒಬ್ಬನಿಗೆ ಕುರ್ಚಿ ಸಾಲದು, ಒಬ್ಬನಿಗೆ ಕುರ್ಚಿಗಿಂತ ಪುಸ್ತಕ ಹಿತ. ಮನ್ರೋ ನಡುವಿನವನು. ಹಣಕ್ಕೆ ಬಂದ, ಮಾನಕ್ಕೆ ಕತ್ತಿ ಹಿಡಿದ, ಮಾಡಬೇಕೆಂದುಕೊಂಡ ಕೆಲಸಕ್ಕಾಗಿ ಮರಳಿ ಬಂದ, ಹೆಂಡತಿ ಮಕ್ಕಳಿಗಾಗಿ ಬಿಡಲು ಹೊರಟ. ಈ ನಾಲ್ಕರಲ್ಲಿ ಯಾವುದೂ ನಮಗೆ ಅಪರಿಚಿತವಲ್ಲ. ನಾನೂ ಒಮ್ಮೆ ಒಂದು ಹುದ್ದೆಗೆ ಅರ್ಜಿ ಹಾಕಿ, ಸಂಸ್ಥೆಯ ಹಿತಕ್ಕೆಂದು ಎಲ್ಲರಿಗೂ ಹೇಳಿದ್ದೆ. ಕಿರಿಯನೊಬ್ಬ ನನ್ನ ಮೇಲೆ ಕೂರುತ್ತಾನೆಂಬ ಸಂಕಟವನ್ನು ಯಾರಿಗೂ ಹೇಳಿರಲಿಲ್ಲ. ಧಾರವಾಡದ ಮನ್ರೋನನ್ನು ಓದುವಾಗ ಅದು ನೆನಪಾಯಿತು.

ಮರುಪಾಠ

ತಿಂಗಳ ನಂತರ ಅದೇ ಶಾಲೆಗೆ, ಅದೇ ಪ್ರಶಿಕ್ಷಣಾರ್ಥಿಯ ಜೊತೆ ಹೋದೆ. ಈ ಸಲ ಅವಳು ಎರಡು ಗೆರೆಗಳ ಕಾಲರೇಖೆಯನ್ನು ಹಲಗೆಯ ಮೇಲೆ ಬರೆದಳು. ಮಕ್ಕಳನ್ನು ನಾಲ್ಕು ಗುಂಪು ಮಾಡಿ 1780, 1817, 1820, 1823 ಈ ನಾಲ್ಕು ವರ್ಷಗಳನ್ನು ಹಂಚಿದಳು. ಆ ವರ್ಷದ ನಿರ್ಧಾರಕ್ಕೆ ಅವನೇ ಹೇಳಬಹುದಾದ ಕಾರಣ ಯಾವುದು, ಹೇಳದೆ ಉಳಿಸಬಹುದಾದದ್ದು ಯಾವುದು, ಆ ನಿರ್ಧಾರದಿಂದ ನಮ್ಮ ಸೀಮೆಯವರಿಗೆ ಏನಾಯಿತು ಎಂದು ಬರೆಯಲು ಹೇಳಿದಳು. ಮೂರನೆಯ ಕಲಮು ಮುಖ್ಯವೆಂದು ನನಗೆ ಅನಿಸುತ್ತದೆ. ಅದಿಲ್ಲದಿದ್ದರೆ ಪಾಠ ಒಬ್ಬ ಸಾಹೇಬನ ಹೊಗಳಿಕೆಯಾಗಿ ನಿಲ್ಲುತ್ತದೆ. ಮೊದಲೆರಡು ಇಲ್ಲದಿದ್ದರೆ ಬರೀ ಬೈಗಳಾಗುತ್ತದೆ.

ಮೊದಲು ಪ್ರಶ್ನೆ ಕೇಳಿದ್ದ ಹುಡುಗಿ 1817ರ ಗುಂಪಿನಲ್ಲಿದ್ದಳು. ಅವನ ಸಂಕಟ ತನಗೆ ತಿಳಿಯಿತು, ಆದರೆ ಅವನ ಮಾನ ಉಳಿಸಿಕೊಳ್ಳಲು ನಮ್ಮ ಕೋಟೆಗಳೇ ಬೇಕಿತ್ತೇ ಎಂದು ಅವಳು ಬರೆದಿದ್ದಳು. ಪ್ರಶಿಕ್ಷಣಾರ್ಥಿ ಅದನ್ನು ತರಗತಿಗೆ ಓದಿ ಹೇಳಿದಳು, ಉತ್ತರ ಸೇರಿಸಲಿಲ್ಲ. ನಾನು ಹಳೆಯ ಪುಟ ತಿರುಗಿಸಿ, ತರಗತಿ ನಿರ್ವಹಣೆ ಉತ್ತಮ ಎಂಬ ಸಾಲಿನ ಕೆಳಗೆ, ವಿದ್ಯಾರ್ಥಿನಿಯ ಪ್ರಶ್ನೆಗೆ ಅಂದು ವೀಕ್ಷಕರೂ ಉತ್ತರ ಕೊಡಲಿಲ್ಲ ಎಂದು ಬರೆದು ದಿನಾಂಕ ಹಾಕಿದೆ.